ತಕ್ಕಡಿ ಪದದ ಕೊನೆಯ ಸಾಲು

ರೇಡಿಯೋ ಕೇಂದ್ರದಲ್ಲಿ ಜನಪದ ವಿಭಾಗ ನೋಡಿಕೊಳ್ಳುತ್ತಿದ್ದ ನನಗೆ ಮೂಗಿನ ತುದಿಯಲ್ಲೇ ಸಿಟ್ಟು ಎಂಬ ಹೆಸರಿತ್ತು. ಹೆಸರು ಸುಮ್ಮನೆ ಬಂದದ್ದಲ್ಲ, ಒಪ್ಪುತ್ತೇನೆ. ಆದರೆ ಹುಮನಾಬಾದಿನ ಆ ಪದಗಾರನ ಮುಂದೆ ಎಂಥ ಸಮಾಧಾನಿಯನ್ನು ತಂದು ಕೂರಿಸಿದ್ದರೂ ಎರಡು ದಿನಕ್ಕೆ ತಲೆ ಚಚ್ಚಿಕೊಳ್ಳುತ್ತಿದ್ದ ಎಂದು ಈಗಲೂ ಹೇಳುತ್ತೇನೆ.

ಎಪ್ಪತ್ತರ ದಶಕ ಮುಗಿಯುತ್ತಾ ಬಂದಿದ್ದ ಮಳೆಗಾಲ ಅದು. ಒಂದು ಬೆಳಿಗ್ಗೆ ಕೊಡಂಬಲದಿಂದ ಬಸ್ಸು ಹಿಡಿದು ಬಂದ ಹೆಣ್ಣುಮಗಳೊಬ್ಬಳು ನಮ್ಮ ಕೇಂದ್ರದ ಗೇಟಿನ ಬಳಿ ಕೂತುಬಿಟ್ಟಿದ್ದಳು. ಕೂಲಿ ಮಾಡುವಾಕೆ. ಅಪ್ಪ ಹುಮನಾಬಾದಿನಲ್ಲಿ ಒಬ್ಬನೇ ಇದ್ದಾನೆ, ಪದ ಕಟ್ಟಿ ಹಾಡುತ್ತಾನೆ, ಗಂಟಲಲ್ಲಿ ಗಂಟಾಗಿದೆ, ಮುಂದಿನ ಸೋಮವಾರ ಸೊಲ್ಲಾಪುರದ ದವಾಖಾನೆಯಲ್ಲಿ ಕೊಯ್ಯುತ್ತಾರೆ ಎಂದಳು.

"ಜೀವ ಉಳೀತದ, ದನಿ ಉಳಿಯೋ ಗ್ಯಾರಂಟಿ ಇಲ್ಲ ಅಂದಾರ್ರಿ ಡಾಕ್ಟರ್. ಅದರ ಒಳಗ ಅಪ್ಪನ ದನಿ ನಿಮ್ಮ ಮಷೀನದಾಗ ಹಿಡದು ಇಡ್ರಿ. ರೇಡಿಯೋದಾಗ ಹಾಕ್ರಿ, ಬಿಡ್ರಿ, ಅದು ನಿಮ್ಮ ಮರ್ಜಿ."

ಯಾವ ಪದ ಎಂದು ಕೇಳಿದೆ. ಅಲ್ಲೇ ನಿಂತು ಮೆಲ್ಲಗೆ ಎರಡು ಸಾಲು ಹೇಳಿದಳು:

*ತೂಗೋ ಮಾಲ ನೋಡಬ್ಯಾಡೋ ತಮ್ಮಾ*
*ತಕ್ಕಡಿ ಹಿಡದ ಕೈಯ ನೋಡೋ*

ನನಗೆ ನಗು ಬಂತು. ಆ ಪದ ಆಗಲೇ ನಮ್ಮಲ್ಲಿತ್ತು. ಮೂರು ಭಜನಾ ಮೇಳಗಳು ಬಂದು ಸ್ಟುಡಿಯೋದಲ್ಲಿ ಹಾಡಿಹೋಗಿದ್ದವು. ತತ್ವಪದದ ಕೊನೆಯ ನುಡಿಯಲ್ಲಿ ಗುರುವಿನ ಹೆಸರು ಹೇಳಿ ಮುಗಿಸುವುದು ರೂಢಿ, ಅದಕ್ಕೆ ಅಂಕಿತ ಎನ್ನುತ್ತಾರೆ. ಮೂರು ಮೇಳಗಳು ಮೂರು ಗುರುಗಳ ಅಂಕಿತ ಹಾಕಿದ್ದವು. ಒಂದೇ ಕೂಸಿಗೆ ಮೂವರು ಅಪ್ಪಂದಿರು. ಯಾವುದನ್ನು ಪ್ರಸಾರ ಮಾಡಿದರೂ ಉಳಿದವರಿಂದ ತಕರಾರು ಬರುತ್ತಿತ್ತು. ಆಕೆಗೂ ಅದನ್ನೇ ಹೇಳಿದೆ.

"ಮೂರೂ ಸುಳ್ಳದಾವ್ರಿ. ನಮ್ಮಪ್ಪ ಅಂಕಿತ ಹಾಕಾಂಗೇ ಇಲ್ಲ. ಕಡೀ ಸಾಲು ಖಾಲಿ ಬಿಡ್ತಾನ. ಯಾರ್ಯಾರೋ ತಮ್ಮ ತಮ್ಮ ಗುರೂನ ಹೆಸರು ತುರುಕ್ಯಾರ" ಎಂದಳು.

ಕೇಂದ್ರದ ಮುಖ್ಯಸ್ಥರು ಜೀಪು ಕೊಟ್ಟರು. ಜೊತೆಗೆ ಷರತ್ತುಗಳನ್ನೂ ಕೊಟ್ಟರು. ಮುಚ್ಚಿದ ಕೋಣೆಯಲ್ಲಿ, ಸದ್ದಿಲ್ಲದ ಜಾಗದಲ್ಲಿ, ಗಾಯಕನೊಬ್ಬನದೇ ಧ್ವನಿ, ಕುಡಿದಿರಬಾರದು, ಕರ್ತೃ ಯಾರೆಂದು ಪದದಲ್ಲೇ ತಿಳಿಯಬೇಕು. ಕೊನೆಯದನ್ನು ಕೇಳಿ ಹೂಂ ಎಂದು ಬಂದೆ. ಅಂಕಿತವೇ ಇಲ್ಲ ಎಂದು ಅಲ್ಲೇ ಹೇಳಿದ್ದರೆ ಜೀಪು ಸಿಗುತ್ತಿರಲಿಲ್ಲ.

ಹುಮನಾಬಾದಿಗೆ ಹೋದರೆ ಪದಗಾರ ಇರಲಿಲ್ಲ. ಬಾಗಿಲಿಗೆ ಬೀಗವೂ ಇರಲಿಲ್ಲ. ಎದುರಿನ ಸೈಕಲ್ ರಿಪೇರಿಯವನು, "ಕಲ್ಯಾಣಕ್ಕ ಹ್ವಾದ್ರು ನೋಡ್ರಿ, ನಿನ್ನಿ" ಎಂದ. ರೇಡಿಯೋದವರು ಬರುತ್ತಾರೆಂದು ಮಗಳು ಹೇಳಿರಲಿಲ್ಲವೇ? "ಹೇಳ್ಯಾಳ್ರಿ. ಅದಕ್ಕೇ ಹ್ವಾದ್ರು."

ನಮ್ಮ ಚಾಲಕ ಚಿಟಗುಪ್ಪದವನು, ಮಾತು ಕಡಿಮೆ. ಏನೂ ಹೇಳದೆ ಜೀಪನ್ನು ಬಸವಕಲ್ಯಾಣದ ಕಡೆ ತಿರುಗಿಸಿದ. ಕೋಟೆಯ ಹತ್ತಿರದ ಒಂದು ಚಹಾ ಹೋಟೆಲಿನಲ್ಲಿ ಪದಗಾರ ಸಿಕ್ಕ. ಉದ್ದಕ್ಕೆ, ಸಣಕಲಾಗಿ, ಕುತ್ತಿಗೆಗೆ ಬಿಗಿಯಾಗಿ ಮಫ್ಲರ್ ಸುತ್ತಿಕೊಂಡು ಕೈಯಲ್ಲಿ ದುಂಡನೆಯ ಚರ್ಮವಾದ್ಯ ದಮ್ಮಡಿ ಹಿಡಿದು ತಟ್ಟುತ್ತ ಹಾಡುತ್ತಿದ್ದ. ಹೋಟೆಲಿನ ಮಂದಿಯೆಲ್ಲ ಪಲ್ಲವಿ ಎತ್ತಿಕೊಡುತ್ತಿದ್ದರು. ಕರಕರ ಎನ್ನುವ ದನಿ, ಆದರೆ ಒಳಗೆ ಏನೋ ಇತ್ತು. ಸಿಟ್ಟಿನಲ್ಲಿ ಹೋದವನು ಬಾಗಿಲಲ್ಲೇ ನಿಂತು ಎರಡು ಪದ ಕೇಳಿದೆ. ಜೀಪಿನಿಂದ ಯಂತ್ರ ತಂದು ಅಲ್ಲೇ ಚಾಲೂ ಮಾಡಬಹುದಿತ್ತಲ್ಲ ಎಂದು ನೀವು ಕೇಳಬಹುದು. ಹಿಂದೆ ಸ್ಟೋವು ಭುಸುಗುಡುತ್ತಿತ್ತು, ಕಪ್ಪುಬಸಿ ತೊಳೆಯುವ ಸದ್ದು, ಹೊರಗೆ ಲಾರಿಗಳ ಹಾರ್ನು. ಮುಚ್ಚಿದ ಕೋಣೆ ಎಂಬ ಷರತ್ತು ನನ್ನ ತಲೆಯಲ್ಲಿತ್ತು.

ಜೀಪಿನಲ್ಲಿ ಕೂರಿಸಿಕೊಂಡು ಬರುವಾಗ ದಾರಿಯುದ್ದಕ್ಕೂ ಜಗಳ. ಜೀಪಿನ ಗಾಳಿಗೆ ಗಂಟಲು ಕೆಡುತ್ತದೆ ಎಂದ. ಕಿಟಕಿ ಮುಚ್ಚಿದರೆ ಉಸಿರು ಕಟ್ಟುತ್ತದೆ ಎಂದ. ರೇಡಿಯೋದಲ್ಲಿ ಹಾಡುವವರೆಲ್ಲ ಮೂಗು ಹಿಡಿದುಕೊಂಡು ಹಾಡುತ್ತಾರೆ ಎಂದ. ಕುಡಿಯುತ್ತೀರಂತೆ ಎಂದು ಕೇಳಿದೆ. "ಹೌದ್ರಿ, ಕುಡೀತೀನಿ. ಇವತ್ತ ಕುಡದಿಲ್ಲ, ಅದಕ್ಕ ಇಷ್ಟ ಸಂಭಾವಿತ ಅದೀನಿ" ಎಂದ.

ಮರುದಿನ ಶಾಲೆಯೊಂದರ ಕೋಣೆ ಕೇಳಿ ಪಡೆದೆ. ರಜೆ ಇತ್ತು. ಕಿಟಕಿಗಳಿಗೆ ಜಮಖಾನೆ ಇಳಿಬಿಟ್ಟು, ಗುಬ್ಬಿಗಳನ್ನು ಓಡಿಸಿ, ಪಕ್ಕದ ಹಿಟ್ಟಿನ ಗಿರಣಿಯವನ ಕೈಕಾಲು ಹಿಡಿದು ಮಧ್ಯಾಹ್ನದವರೆಗೆ ಗಿರಣಿ ನಿಲ್ಲಿಸಿದೆ. ನಮ್ಮದು ಸೆಲ್ಲಿನ ಮೇಲೆ ನಡೆಯುವ ಸ್ಪೂಲ್ ಟೇಪಿನ ಯಂತ್ರ, ಹೆಗಲಿಗೆ ನೇತುಹಾಕಿಕೊಳ್ಳುವಂಥದು, ಕಲ್ಲಿನಷ್ಟು ಭಾರ. ಮೈಕು ನಿಲ್ಲಿಸಿ, ದನಿ ಅಳೆಯುವ ಮುಳ್ಳು ಎಲ್ಲಿಯವರೆಗೆ ಏಳುತ್ತದೆ ನೋಡಿ, ಕೈ ಸನ್ನೆ ಮಾಡಿದೆ. ಆತ ದಮ್ಮಡಿ ತಟ್ಟಿ ಶುರು ಮಾಡಿದ. ಪಲ್ಲವಿ, ಒಂದನೇ ನುಡಿ. ನಿಂತ.

ಯಾಕೆ ಎಂದೆ. ಮತ್ತೆ ಶುರು ಮಾಡಿದ. ಒಂದನೇ ನುಡಿ ಮುಗಿಯಿತು, ಎದುರಿನ ಗೋಡೆಯನ್ನೇ ನೋಡುತ್ತ ಕೂತ. ಟೇಪು ತಿರುಗುತ್ತಲೇ ಇತ್ತು. ಬೇರೆ ಪದ ಹಾಡಿ ಎಂದೆ. ಅದೂ ಒಂದು ನುಡಿಗೆ ನಿಂತಿತು. ಮಧ್ಯಾಹ್ನದ ಹೊತ್ತಿಗೆ ನಮ್ಮ ಟೇಪಿನಲ್ಲಿ ತಲೆಗಳೇ ತಲೆಗಳು, ಮುಂಡ ಯಾವುದಕ್ಕೂ ಇಲ್ಲ. ಗಿರಣಿ ಮತ್ತೆ ಟುಕುಟುಕು ಎನ್ನತೊಡಗಿತು.

"ನುಡಿ ಮರೆತುಹೋಯಿತೇ?"

"ಮರೀಲಾಕ ನಾ ಏನ್ ಪುಸ್ತಕ ಓದಿ ಹಾಡ್ತೀನೇನ್ರಿ? ಪಲ್ಲವಿ ಎತ್ತಿಕೊಡೋರು ಬೇಕ್ರಿ ಸಾಹೇಬ್ರ. ಈ ನಿಮ್ಮ ಡಬ್ಬಿ ತಿರಗತದ, ಹೊಳ್ಳಿ ಏನೂ ಅನ್ನಾಂಗಿಲ್ಲ. ಒಬ್ಬವ ನಾ ಹಾಡಾಂಗಿಲ್ಲ."

"ಒಬ್ಬನೇ ಹಾಡಬೇಕೆಂದು ನಮ್ಮ ನಿಯಮವಿದೆ."

"ಹಂಗಾದ್ರ ನಿಮ್ಮ ನಿಯಮಾನ ಹಾಡ್ಲಿ" ಎಂದು ಎದ್ದುಹೋದ.

ಕಲಾವಿದರ ಖಯಾಲಿಗಳನ್ನು ನಾನು ಬೇಕಾದಷ್ಟು ನೋಡಿದ್ದೆ. ಇದೂ ಅಂಥದೊಂದು ಎಂದುಕೊಂಡೆ. ಸರಿ, ಒಬ್ಬನದೇ ಧ್ವನಿ ಎಂಬ ಷರತ್ತೊಂದನ್ನು ಬಿಟ್ಟರಾಯಿತು, ಹಿಮ್ಮೇಳ ತಾನೇ ಬೇಕು, ತರೋಣ. ಆತ ಮೊದಲು ಹಾಡುತ್ತಿದ್ದ ಮೇಳದ ಹಿರಿಯರು ಮಾಣಿಕನಗರದಲ್ಲಿ ಕಿರಾಣಿ ಅಂಗಡಿ ಇಟ್ಟಿದ್ದಾರೆಂದು ತಿಳಿಯಿತು. ಹೋಗಿ ಕೇಳಿದೆ. ಬೆಲ್ಲ ತೂಗುತ್ತಿದ್ದವರು ತೂಗುವುದನ್ನು ನಿಲ್ಲಿಸಲಿಲ್ಲ.

"ಬರ್ತೀವ್ರಿ. ಪದ ಛಲೋ ಕಟ್ತಾನ, ಇಲ್ಲ ಅನ್ನಾಂಗಿಲ್ಲ. ಆದ್ರ ನಮ್ಮ ಗುರೂನ ಅಂಕಿತ ಹಾಕಿ ಮುಗಸಬೇಕು. ಅಂಕಿತ ಇಲ್ಲದ ಪದಕ್ಕ ನಮ್ಮ ಮ್ಯಾಳ ತಾಳ ಹಾಕಾಂಗಿಲ್ಲ. ಅದು ರಿವಾಜದ."

ನನಗೆ ಖುಷಿಯೇ ಆಯಿತು. ಅಂಕಿತ ಬಂದರೆ ಮುಖ್ಯಸ್ಥರ ಷರತ್ತೂ ತೀರುತ್ತದೆ. ಪದಗಾರನ ಹತ್ತಿರ ಬಂದು ಮೇಳ ಬರುತ್ತದೆ ಎಂದಷ್ಟೇ ಹೇಳಿದೆ. ಆತ ಕುತ್ತಿಗೆಯ ಮಫ್ಲರನ್ನು ಇನ್ನಷ್ಟು ಬಿಗಿದುಕೊಂಡು, "ಬರ್ಲಿ" ಎಂದ. ಅಂಕಿತದ ಮಾತು ನಾನು ಎತ್ತಲಿಲ್ಲ. ಎತ್ತಿದ್ದರೂ ಏನೂ ಬೇರೆ ಆಗುತ್ತಿರಲಿಲ್ಲ ಬಿಡಿ.

ಮರುದಿನ ಅದೇ ಕೋಣೆ, ಅದೇ ಗುಬ್ಬಿಗಳು, ಅದೇ ಗಿರಣಿಯವನ ಕೈಕಾಲು. ಮೇಳದವರು ಬಿಳಿ ಟೋಪಿ ಹಾಕಿಕೊಂಡು ಸಾಲಾಗಿ ಕೂತರು. ಪದಗಾರನೂ ಅವರೂ ಮುಖ ನೋಡಿಕೊಳ್ಳಲಿಲ್ಲ. ಆದರೆ ಪದ ಶುರುವಾದದ್ದೇ ತಡ, ಎಲ್ಲ ಸರಿಹೋಯಿತು. ಒಂದು ನುಡಿ, ಪಲ್ಲವಿ. ಇನ್ನೊಂದು ನುಡಿ, ಪಲ್ಲವಿ. ಮುಳ್ಳು ಎಲ್ಲಿ ಏಳಬೇಕೋ ಅಲ್ಲಿ ಏಳುತ್ತಿತ್ತು. ನಾನು ಇಯರ್‌ಫೋನ್ ಒತ್ತಿಹಿಡಿದು ಮನಸ್ಸಿನಲ್ಲೇ ದೇವರಿಗೆ ಕೈಮುಗಿದೆ. ಕೊನೆಯ ನುಡಿ ಬಂತು. ಕೊನೆಯ ಸಾಲಿನ ಜಾಗದಲ್ಲಿ ಪದಗಾರ ಬಾಯಿ ಮುಚ್ಚಿ ದಮ್ಮಡಿಯ ಮೇಲೆ ನಾಲ್ಕು ಪೆಟ್ಟು ಹಾಕಿದ. ಸಾಲು ಇಲ್ಲ, ಬರೀ ಪೆಟ್ಟು.

ಹಿರಿಯರು ತಾಳ ಕೆಳಗಿಟ್ಟರು. "ಹೆಸರು ಹೇಳು."

"ನಿನ್ನ ಗುರೂನ ಹೆಸರು ನನ್ನ ಬಾಯಾಗ ಬರಾಂಗಿಲ್ಲ. ಯಾಕ ಬರಾಂಗಿಲ್ಲ, ನಿನಗ ಗೊತ್ತದ."

"ಎಷ್ಟು ವರ್ಷ ಅದೇ ಹಿಡಕೊಂಡು ಕೂಡ್ತಿ?"

"ಸಾಯೋ ತನಕ."

ಮುಂದಿನದೆಲ್ಲ ಟೇಪಿನಲ್ಲಿ ದಾಖಲಾಗಿದೆ. ಪ್ರಸಾರಕ್ಕೆ ಯೋಗ್ಯವಲ್ಲ. ಮೇಳ ಎದ್ದುಹೋಯಿತು. ಪದಗಾರನೂ ಎದ್ದುಹೋದ, ಸಂಜೆಯ ಹೊತ್ತಿಗೆ ಆತ ಸಂಭಾವಿತನೂ ಆಗಿ ಉಳಿದಿರಲಿಲ್ಲ. ನಾನು ಒಬ್ಬನೇ ಕೋಣೆಯಲ್ಲಿ ಕೂತು ಜಮಖಾನೆ ಮಡಚಿದೆ. ಈ ಮನುಷ್ಯನಿಗೆ ತನ್ನ ದನಿ ಇನ್ನೆರಡು ದಿನದ್ದು ಎಂಬ ಖಬರಾದರೂ ಇದೆಯೇ? ಬೇಡವಾದವನಿಗೆ ನಾನೇಕೆ ಬೆನ್ನುಬೀಳಬೇಕು? ಯಂತ್ರ ಕಟ್ಟಿ ಜೀಪಿಗೆ ಹಾಕಿಸಿದೆ. ಸಾಕಾಗಿತ್ತು.

ವಾಪಸು ಹೋಗುವ ಮೊದಲು ಮಗಳಿಗೊಂದು ಮಾತು ಹೇಳಿಹೋಗುವುದು ಮರ್ಯಾದೆ ಎಂದು ಮರುದಿನ ಬೆಳಿಗ್ಗೆ ಕೊಡಂಬಲಕ್ಕೆ ಹೋದೆವು. ಆಕೆ ಊರ ಹೊರಗಿನ ತೊಗರಿ ಹೊಲದಲ್ಲಿ ಕಳೆ ತೆಗೆಯಲು ಹೋಗಿದ್ದಳು. ಕರಿಮಣ್ಣು ಒದ್ದೆಯಾಗಿತ್ತು. ಒಂದೊಂದು ಹೆಜ್ಜೆಗೂ ಬೂಟು ಕಚ್ಚಿಕೊಳ್ಳುತ್ತಿತ್ತು. ಬದುವಿನ ಮೇಲೆ ನಿಂತು ನಡೆದದ್ದನ್ನು ಸಿಟ್ಟಿನಲ್ಲೇ ಹೇಳಿದೆ. ಆಕೆ ಕೈಯಲ್ಲಿ ಕುರ್ಪಿ ಹಿಡಿದುಕೊಂಡೇ ಕೇಳಿದಳು.

"ಆ ಮ್ಯಾಳದವರನ್ನ ಕರಸೀರೇನ್ರಿ? ನನಗ ಒಂದು ಮಾತು ಕೇಳಬಾರದಿತ್ತೇನ್ರಿ ಸಾಹೇಬ್ರ?"

ಆಮೇಲೆ ಹೇಳಿದಳು. ಆಕೆಯ ತಾಯಿ ಬೇರೆ ಜಾತಿಯವಳು, ಇದೇ ಹೊಲಗಳಲ್ಲಿ ಕೂಲಿ ಮಾಡುತ್ತಿದ್ದವಳು. ಪದಗಾರ ಇಷ್ಟಪಟ್ಟು ಮಾಡಿಕೊಂಡು ಈ ಊರಲ್ಲೇ ಆಕೆಯ ಓಣಿಯಲ್ಲಿದ್ದ. ಈ ಕಡೆ ಯಾರಾದರೂ ತೀರಿಕೊಂಡರೆ ಮಣ್ಣು ಮಾಡುವ ತನಕ ಹೆಣದ ಮುಂದೆ ಮೇಳ ಕೂತು ಭಜನೆ ಮಾಡುತ್ತದೆ. ಆತ ಎಷ್ಟೋ ಮನೆಗಳಲ್ಲಿ ಹಾಗೆ ಕೂತು ಹಾಡಿದವನು. ತನ್ನ ಹೆಂಡತಿ ತೀರಿಕೊಂಡ ದಿನ ಹೋಗಿ ಮೇಳವನ್ನು ಕರೆದ. ಆ ಓಣಿಗೆ ಮೇಳ ಬರುವ ರಿವಾಜಿಲ್ಲ ಎಂದರು.

"ಅವತ್ತ ಬೆಳತನಕ ಒಬ್ಬನ ಹಾಡ್ಯಾನ್ರಿ ಅವ್ವನ ಮುಂದ. ಎತ್ತಿಕೊಡೋರು ಒಬ್ಬರೂ ಇಲ್ಲ. ನುಡಿ ಮುಗದ ಮ್ಯಾಲ ಗ್ವಾಡಿ ನೋಡ್ಕೋತ ಕೂಡ್ತಿದ್ದ, ಮತ್ತ ಹಾಡ್ತಿದ್ದ. ಅವತ್ತಿನಿಂದ ಅಂಕಿತ ಬಿಟ್ಟ. ಒಬ್ಬನ ಹಾಡೋದೂ ಬಿಟ್ಟ. ಈ ಊರಿಗಿ ಕಾಲಿಟ್ಟಿಲ್ಲ."

ಶಾಲೆಯ ಕೋಣೆಯಲ್ಲಿ ಆತ ಗೋಡೆ ನೋಡುತ್ತ ಕೂತದ್ದು ನನ್ನ ಕಣ್ಣ ಮುಂದೆ ಬಂತು.  ಅಷ್ಟರಲ್ಲಿ ಹೊಲದ ಆ ತುದಿಯಿಂದ ಹಾಡು ಕೇಳಿಸಿತು. ಸಾಲು ಹಿಡಿದು ಕಳೆ ತೆಗೆಯುತ್ತಿದ್ದ ಹೆಂಗಸರು. *ತಕ್ಕಡಿ ಹಿಡದ ಕೈಯ ನೋಡೋ.* ಒಬ್ಬಾಕೆ ನುಡಿ ಹೇಳುತ್ತಿದ್ದಳು, ಉಳಿದವರು ಪಲ್ಲವಿ ಎತ್ತಿಕೊಡುತ್ತಿದ್ದರು. ಯಾವ ಮೇಳಕ್ಕೂ ಕಡಿಮೆಯಿರಲಿಲ್ಲ.

"ಇವರಿಗೆ ಹೇಗೆ ಬರುತ್ತದೆ?"

"ಅಪ್ಪ ಮನ್ಯಾಗ ಕಟ್ಟತಿದ್ದ, ಅವ್ವ ಹೊಲದಾಗ ಹಾಡ್ತಿದ್ದಳು. ಹಂಗ ಬಂದಾವ್ರಿ."

ಮುಚ್ಚಿದ ಕೋಣೆ, ಸದ್ದಿಲ್ಲದ ಜಾಗ, ಒಬ್ಬನೇ ಗಾಯಕ. ನಾನು ಆ ಷರತ್ತುಗಳನ್ನೆಲ್ಲ ಅಲ್ಲೇ ಕರಿಮಣ್ಣಿನಲ್ಲಿ ಬಿಟ್ಟೆ. ನೌಕರಿಗೆ ಏನಾಗುತ್ತದೋ ಆಗಲಿ. "ನಿಮ್ಮಪ್ಪನನ್ನು ಇಲ್ಲಿಗೇ ಕರೆತರೋಣ" ಎಂದೆ. ಆಕೆ ಕುರ್ಪಿಯನ್ನು ಸೊಂಟಕ್ಕೆ ಸಿಕ್ಕಿಸಿ ಜೀಪು ಹತ್ತಿಯೇಬಿಟ್ಟಳು.

ಹುಮನಾಬಾದಿನಲ್ಲಿ ಆತ ಕೊಡಂಬಲಕ್ಕೆ ಬರುವುದಿಲ್ಲ ಎಂದು ಹಟ ಹಿಡಿದ. ಮಗಳು ಒಂದು ಕೊಡ ತಣ್ಣೀರು ತಲೆಯ ಮೇಲೆ ಸುರಿದಳು. "ಊರಾಗ ಕರಿಯಾಕತ್ತಿಲ್ಲ ನಿನಗ. ಹೊಲ ಊರ ಹೊರಗದ. ನಡಿ" ಎಂದಳು. ಅಂಥ ಬಾಯಿಯವನು ತುಟಿಪಿಟಕ್ಕೆನ್ನದೆ ಬಂದು ಕೂತ.

ಇನ್ನು ತೊಂದರೆಗಳು ಮುಗಿದವು ಎಂದುಕೊಂಡರೆ ಅದು ನನ್ನ ಭ್ರಮೆ. ಹೆಂಗಸರನ್ನು ಮೈಕಿನ ಮುಂದೆ ಸುತ್ತ ಕೂರಿಸಿದೆ. ಸೆರಗಿನಲ್ಲಿ ಬಾಯಿ ಮುಚ್ಚಿ ಕಿಸಿಕಿಸಿ ನಕ್ಕರೇ ಹೊರತು ದನಿ ಹೊರಡಲಿಲ್ಲ. ಕೈಯಲ್ಲಿ ಕೆಲಸವಿಲ್ಲದೆ ಅವರಿಗೆ ಹಾಡು ಬರುವುದೇ ಇಲ್ಲವಂತೆ. ಸರಿ, ಕಳೆ ತೆಗೆಯಿರಿ ಎಂದೆ. ಕಳೆ ತೆಗೆಯುವವರು ಒಂದು ಕಡೆ ಇರುತ್ತಾರೆಯೇ? ಸಾಲು ಮುಂದೆ ಹೋಗುತ್ತದೆ, ಹಾಡೂ ಹೋಗುತ್ತದೆ. ಕೊನೆಗೆ ಚಾಲಕ ಯಂತ್ರವನ್ನು ಹೆಗಲಿಗೆ ಹಾಕಿಕೊಂಡ. ನಾನು ಮೈಕಿಗೆ ಗಾಳಿ ತಾಗದಂತೆ ಪದಗಾರನ ಮಫ್ಲರನ್ನೇ ಸುತ್ತಿ, ಬೂಟು ಬಿಚ್ಚಿ, ಸಾಲಿನ ಜೊತೆ ಏಡಿಯ ಹಾಗೆ ಅಡ್ಡಡ್ಡ ನಡೆದೆ. ಅಷ್ಟರಲ್ಲಿ ಸೆಲ್ಲು ಇಳಿಯಿತು. ಎರಡು ದಿನದ ಪ್ರತಾಪಕ್ಕೆಲ್ಲ ಖರ್ಚಾಗಿತ್ತು. ಸೆಲ್ಲು ಇಳಿದರೆ ಟೇಪು ನಿಧಾನವಾಗಿ ತಿರುಗುತ್ತದೆ, ಆಮೇಲೆ ಕೇಳಿದಾಗ ಗಂಡಸಿನ ದನಿ ಕೂಸಿನ ದನಿಯಾಗುತ್ತದೆ. ಹೊಲದ ಮಾಲಕರ ಟಾರ್ಚುಗಳಿಂದ, ಅವರ ಟ್ರಾನ್ಸಿಸ್ಟರಿನಿಂದ ಸೆಲ್ಲು ಕಿತ್ತು ತಂದು ತುಂಬಿದೆ.

ಪದಗಾರ ಬದುವಿನ ಮೇಲೆ ನಮ್ಮ ಜೊತೆ ಜೊತೆಗೇ ನಡೆಯುತ್ತ ಶುರು ಮಾಡಿದ. ಮೊದಲ ನುಡಿ ಮುಗಿಯಿತು. ಬಗ್ಗಿದ ಹೆಂಗಸರು ತಲೆ ಎತ್ತದೆಯೇ ಪಲ್ಲವಿ ಎತ್ತಿಕೊಟ್ಟರು. ಎರಡನೇ ನುಡಿಗೆ ಆತನ ದನಿ ತೆರೆದುಕೊಂಡಿತು. ಬಸವಕಲ್ಯಾಣದ ಹೋಟೆಲಿನಲ್ಲಿ ಕೇಳಿದ್ದಕ್ಕಿಂತ ಚೆಂದ. ಕೆಮ್ಮು ಬಂದಾಗಲೆಲ್ಲ ಹೆಂಗಸರು ಪಲ್ಲವಿಯನ್ನು ಇನ್ನೊಂದು ಸಲ ಹೇಳಿ ಆತನಿಗೆ ಉಸಿರು ತೆಗೆದುಕೊಳ್ಳಲು ಬಿಟ್ಟರು.

ಕೊನೆಯ ನುಡಿ. ಆತ ಸುಮ್ಮನಾದ. ದಮ್ಮಡಿಯ ಮೊದಲ ಪೆಟ್ಟು ಬಿತ್ತು. ಖಾಲಿ ಇರಬೇಕಾದ ಆ ಜಾಗದಲ್ಲಿ ಹೆಂಗಸರು ಕಳೆ ಕೀಳುತ್ತಲೇ ಹಾಡಿದರು:

*ಕೊಡಂಬಲ ತೇಜಮ್ಮ ತಾಯಿ ಹೇಳ್ಯಾಳೋ*

ದಮ್ಮಡಿ ನಿಂತಿತು. ನಾನು ಮಗಳ ಮುಖ ನೋಡಿದೆ. "ಅವ್ವನ ಹೆಸರ್ರಿ" ಎಂದಳು ಮೆಲ್ಲಗೆ. ಟೇಪು ನಿಲ್ಲಿಸಬೇಕೆಂದು ನನಗೆ ಹೊಳೆಯಲಿಲ್ಲ.

"ಯಾರು ಹಾಕೀರಿ ಇದನ್ನ?" ಎಂದ ಆತ. ಸಿಟ್ಟು ಬಂತೇನೋ ಎಂದುಕೊಂಡೆ.

ಎಲ್ಲರಿಗಿಂತ ಹಿರಿಯ ಹೆಂಗಸು ಸೊಂಟ ನೇರ ಮಾಡಿಕೊಂಡಳು. "ಪದ ಕಲಿಸಿದಾಕಿ ಆಕಿ. ಕಡೀಗಿ ಜಾಗಾ ಖಾಲಿ ಇತ್ತು. ಆಕಿ ಹೆಸರ ಹಾಕೀವಿ. ತಪ್ಪೇನೋ ತಮ್ಮಾ?"

"ಮ್ಯಾಳದವರು ಮಾಡಿದ್ದು ಮಂದಿಗಿ ಗೊತ್ತಾಗ್ಲಿ ಅಂತ ಖಾಲಿ ಬಿಟ್ಟಿದ್ದೆ ನಾ."

"ಯಾರಿಗಿ ಗೊತ್ತಾತು? ಖಾಲಿ ಜಾಗಾ ನೋಡಿ ಎಲ್ಲಾರೂ ತಮ್ಮ ತಮ್ಮ ಗುರೂನ ತಂದು ಕುಂದ್ರಸ್ಯಾರ. ನೀ ಇಷ್ಟ ವರ್ಷ ಊರಿಗಿ ಬಂದಿದ್ರ ಹೇಳತಿದ್ದಿವಿ."

ಆತ ಬದುವಿನ ಮೇಲೆ ಕುಕ್ಕರಗಾಲಲ್ಲಿ ಕೂತ. ಮುಖವನ್ನು ದಮ್ಮಡಿಯಿಂದ ಮರೆ ಮಾಡಿಕೊಂಡು ಅತ್ತ.  ಹೆಂಗಸರು ಅವನ ಹತ್ತಿರ ಹೋಗಲಿಲ್ಲ, ಸಮಾಧಾನ ಹೇಳಲಿಲ್ಲ. ಪಲ್ಲವಿ ಎತ್ತಿಕೊಂಡು ಕೆಲಸ ಮುಂದುವರಿಸಿದರು. ಸ್ವಲ್ಪ ಹೊತ್ತಿಗೆ ಆತ ಎದ್ದು, "ಸಾಹೇಬ್ರ, ಮಷೀನ ಚಾಲೂ ಅದ ಏನು? ಮೊದಲಿಂದ ಹಾಡ್ತೀನಿ" ಎಂದ. ಅವತ್ತು ಸಂಜೆಗೆ ಟೇಪುಗಳು ಮುಗಿಯುವ ತನಕ ಹಾಡಿದ. ಪ್ರತಿ ಪದದ ಕೊನೆಗೂ ಆ ಸಾಲನ್ನು ತಾನೇ ಹೇಳಿದ.

ಸೊಲ್ಲಾಪುರದಲ್ಲಿ ಜೀವ ಉಳಿಯಿತು, ದನಿ ಹೋಯಿತು. ನಮ್ಮ ಕೇಂದ್ರದಲ್ಲಿ ನಾನಂದುಕೊಂಡಂತೆಯೇ ರಂಪವಾಯಿತು. ಹಕ್ಕಿಗಳ ಸದ್ದು, ಕುರ್ಪಿಯ ಸದ್ದು, ಒಪ್ಪಂದವಿಲ್ಲದ ಕೂಲಿ ಹೆಂಗಸರು. ಅದಕ್ಕಿಂತ ಹೆಚ್ಚಾಗಿ, ಈ ತೇಜಮ್ಮ ಯಾರು? ಗುರುಪರಂಪರೆಯಲ್ಲಿ ಇಂಥ ಹೆಸರಿಲ್ಲ, ಆ ಸಾಲಿನ ಟೇಪು ಕತ್ತರಿಸಿ ಎಂದರು ಮುಖ್ಯಸ್ಥರು. "ಪದದಲ್ಲಿ ಕರ್ತೃ ಗೊತ್ತಾಗಬೇಕೆಂದು ಕೇಳಿದವರು ತಾವೇ. ಗೊತ್ತಾಗಿದೆ. ಬ್ಲೇಡು ನನ್ನ ಕೈಯಿಂದ ಆಡುವುದಿಲ್ಲ" ಎಂದೆ. ಅವರು ಮುಖ ಗಂಟಿಕ್ಕಿಕೊಂಡೇ ಸಹಿ ಹಾಕಿದರು. ಪದಗಳು ಹೊಲದ ಸದ್ದಿನ ಸಮೇತ ಪ್ರಸಾರವಾದವು, ಕೇಳುಗರು ಬೇಡಿದ್ದಕ್ಕೆ ಮತ್ತೆ ಮತ್ತೆ ಪ್ರಸಾರವಾದವು.

ಎಷ್ಟೋ ವರ್ಷಗಳ ಮೇಲೆ ನಮ್ಮ ಚಾಲಕನ ತಾಯಿ ತೀರಿಕೊಂಡರು. ನಾನು ಮಧ್ಯಾಹ್ನದ ಬಸ್ಸಿಗೆ ಚಿಟಗುಪ್ಪಕ್ಕೆ ಹೋದೆ. ಅಂಗಳದಲ್ಲಿ ಹೆಣವನ್ನು ಕೂರಿಸಿದ್ದರು. ಪಕ್ಕದ ಊರಿನಿಂದ ಬಂದ ಮೇಳವೊಂದು ಮುಂದೆ ಕೂತು ಭಜನೆ ಮಾಡುತ್ತಿತ್ತು, ಹೆಚ್ಚಿನವರು ಹರೆಯದವರು. ನಾನು ಚಾಲಕನ ಪಕ್ಕ ಕೂತೆ. ತಕ್ಕಡಿ ಪದ ಶುರುವಾಯಿತು. ಕೊನೆಯ ನುಡಿಗೆ ಅವರೆಲ್ಲ ತಾಳ ನಿಲ್ಲಿಸಿ, ಎದೆಗೆ ಕೈ ಇಟ್ಟುಕೊಂಡು, ತಲೆ ಬಾಗಿಸಿ ಕೊಡಂಬಲದ ತೇಜಮ್ಮ ತಾಯಿಯ ಹೆಸರು ಹೇಳಿದರು.

ನನಗೆ ತಡೆಯಲಾಗಲಿಲ್ಲ. ಪದ ಮುಗಿದ ಮೇಲೆ ಮುಂದೆ ಕೂತ ಹುಡುಗನ ಕಡೆ ಬಗ್ಗಿ, ಈ ತೇಜಮ್ಮ ಯಾರು ಎಂದು ಕೇಳಿದೆ.

"ದೊಡ್ಡ ಶರಣಿ ಇದ್ದರಂತ್ರಿ, ಭಾಳ ಹಿಂದಕ್ಕ. ಸತ್ತವರ ಮನಿಯಾಗ ಆಕಿ ಅಂಕಿತದ ಪದ ಒಂದರೆ ಹಾಡಬೇಕ್ರಿ. ಇಲ್ಲಂದ್ರ ನಮ್ಮ ಮ್ಯಾಳ ಏಳಾಂಗಿಲ್ಲ. ರಿವಾಜದ" ಎಂದ.

ಅಷ್ಟು ಹಿಂದಿನವಳಲ್ಲಪ್ಪ, ಹೊಲದಲ್ಲಿ ಕೂಲಿ ಮಾಡುತ್ತಿದ್ದವಳು ಎಂದು ಹೇಳಲು ಬಾಯಿ ತೆರೆದೆ. ಚಾಲಕ ನನ್ನ ಕೈ ಹಿಡಿದ.

"ಹಾಡ್ಲಿ ಬಿಡ್ರಿ ಸಾಹೇಬ್ರ" ಎಂದ.